ಮೂಳೆಗೆ ಬಂದರೆ ಮುಗಿಯಿತೇ?

"ಮೂಳೆಗೆ ಇಳಿದ ಮೇಲೆ ಆಸ್ಪತ್ರೆ ಯಾಕೆ? ಮನೆಯಲ್ಲೇ ನೆಮ್ಮದಿಯಾಗಿರಲಿ." ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿದೆ ಎಂದು ಗೊತ್ತಾದಾಗ ನೆಂಟರು ಹೇಳಿದ ಮಾತು. ಹೇಳಿದ್ದು ಅಕ್ಕರೆಯಿಂದಲೇ. ಆದರೆ ಆ ಅಕ್ಕರೆಯೇ ರೋಗಿಯನ್ನು ನೋವಿಗೆ ಒಪ್ಪಿಸಿಬಿಡುತ್ತದೆ. ಅದಕ್ಕೇ ಒಂದೊಂದು ಮಾತಿಗೂ ಉತ್ತರಿಸುತ್ತಿದ್ದೇನೆ.

"ಈಗ ಬೋನ್ ಕ್ಯಾನ್ಸರ್ ಆಗಿದೆ." ಇಲ್ಲ. ಮೂಳೆಯಲ್ಲಿ ಕೂತರೂ ಅವು ಸ್ತನ ಕ್ಯಾನ್ಸರಿನ ಜೀವಕೋಶಗಳೇ, ಔಷಧಿಯೂ ಅದರದ್ದೇ. ಕ್ಯಾನ್ಸರ್ ಬೀಜದ ಹಾಗೆ, ಎಲ್ಲೆಡೆ ಚೆಲ್ಲಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಲಂಡನ್ನಿನ ಸರ್ಜನ್ ಸ್ಟೀಫನ್ ಪೇಜೆಟ್ 1889ರಲ್ಲೇ ವಿವರಿಸಿದ್ದರು. ಸ್ತನ, ಪ್ರಾಸ್ಟೇಟ್ ಕ್ಯಾನ್ಸರುಗಳಿಗೆ ಮೂಳೆ ಅಂಥ ಮಣ್ಣು. ಹಾರ್ಮೋನ್ ಮಾತ್ರೆಗೆ ಬಗ್ಗುವ ಕ್ಯಾನ್ಸರಾದರೆ ಮೂಳೆಗೆ ಹೋದ ಮೇಲೂ ವರ್ಷಗಟ್ಟಲೆ ಹಿಡಿತದಲ್ಲಿ ಇರಬಹುದು.

"ಎಣ್ಣೆ ಹಚ್ಚಿ ತಿಕ್ಕಿಸಿ, ನೋವು ಹೋಗುತ್ತೆ." ದಯವಿಟ್ಟು ಬೇಡ. ಹಳೆಯ ಮೂಳೆ ಸವೆಸಿ ಹೊಸದು ಕಟ್ಟುವ ಕೆಲಸ ನಮ್ಮ ಮೈಯಲ್ಲಿ ಸದಾ ನಡೆದಿರುತ್ತದೆ. ಕ್ಯಾನ್ಸರ್ ಆ ಸವೆಸುವ ಜೀವಕೋಶಗಳನ್ನು ಕೆರಳಿಸಿದಾಗ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಬಲವಾಗಿ ಒತ್ತಿದರೆ ಮುರಿದೇ ಹೋಗಬಹುದು. ಆ ಸವೆತ ತಗ್ಗಿಸಲು ಜೊಲೆಡ್ರೋನಿಕ್ ಆ್ಯಸಿಡ್ ಎಂಬ ಡ್ರಿಪ್ ಇದೆ. ಹಾಕಿಸುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಅಪರೂಪಕ್ಕೆ ದವಡೆಮೂಳೆಗೆ ತೊಂದರೆಯಾಗುವುದುಂಟು.

"ಕರೆಂಟು ಕೊಡಿಸಿ ಯಾಕೆ ನರಳಿಸುತ್ತೀರಿ?" ನರಳಾಟ ತಗ್ಗಿಸಲೆಂದೇ ಈ ವಿಕಿರಣ ಚಿಕಿತ್ಸೆ ಕೊಡಿಸುವುದು. ಎಷ್ಟೋ ರೋಗಿಗಳಿಗೆ 8 ಗ್ರೇ ಪ್ರಮಾಣದ ವಿಕಿರಣ ಒಂದೇ ಸಲ ಸಾಕು. ಹತ್ತರಲ್ಲಿ ಸುಮಾರು ಆರು ಮಂದಿಗೆ ನೋವು ಇಳಿಯುತ್ತದೆ. ಮಗ್ಗುಲು ಬದಲಿಸಲು ಮಂಚದ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದ ಚಿಕ್ಕಮ್ಮ, ಮೂರನೆಯ ವಾರ ಜಗುಲಿಯಲ್ಲಿ ಕೂತು ಒಂದು ಮೊರ ಅವರೆಕಾಯಿ ಸುಲಿದರು.

"ಮಾರ್ಫಿನ್ ಕೊಟ್ಟರೆ ಕೊನೆ ಬಂತು ಅಂತಲೇ." ಮಾರ್ಫಿನ್ ಕೊಡುವುದು ನೋವು ಜೋರಾದಾಗ, ಸಾವು ಹತ್ತಿರವಾದಾಗಲ್ಲ. ಡಾಕ್ಟರು ಹೇಳಿದ ಹೊತ್ತಿಗೆ, ಹೇಳಿದಷ್ಟೇ, ಮಲಬದ್ಧತೆಗೆ ಔಷಧಿಯ ಜೊತೆಗೆ ಕೊಟ್ಟರೆ ರೋಗಿಗೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ.

"ಏನು ಮಾಡಿದರೂ ಪೂರ್ತಿ ಗುಣವಾಗದಲ್ಲ?" ಸಾಮಾನ್ಯವಾಗಿ ಆಗದು, ಒಪ್ಪಿದೆ. ಸಕ್ಕರೆ ಕಾಯಿಲೆಯೂ ಪೂರ್ತಿ ಹೋಗುವುದಿಲ್ಲ; ಹಾಗೆಂದು ಔಷಧಿ ಬಿಡುತ್ತೇವೆಯೇ? ಕೆಲವೊಮ್ಮೆಯಂತೂ ತಡಮಾಡುವಂತೆಯೇ ಇಲ್ಲ: ಬೆನ್ನುನೋವಿನ ಜೊತೆ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಅದುಮಿಹೋಗುತ್ತಿರಬಹುದು. ಅದೇ ದಿನ ಆಸ್ಪತ್ರೆ ಸೇರಿದರೆ ನಡಿಗೆ ಉಳಿಯುವ ಸಾಧ್ಯತೆ ಹೆಚ್ಚು. ಅಂಥ ಹೊತ್ತಿನಲ್ಲಿ "ಮನೆಯಲ್ಲೇ ಇರಲಿ" ಎನ್ನಬೇಡಿ, ಗಾಡಿ ತನ್ನಿ.