ವಿಜ್ಞಾನ ವಿಚಾರ: ನಕ್ಷತ್ರಗಳ ಕಣಜ

ನಕ್ಷತ್ರಗಳು ಶಾಶ್ವತವೆಂದು ಭಾವಿಸುವುದು ವಾಡಿಕೆ. ಆದರೆ ಅವಕ್ಕೂ ಹುಟ್ಟುಂಟು, ಬಾಳುಂಟು, ಅಳಿವುಂಟು. ಗ್ಯಾಲಕ್ಸಿಗಳೆಂಬ ಮಹಾ ನಕ್ಷತ್ರಸಮುದಾಯಗಳಲ್ಲಿ ಹರಡಿರುವ ಅನಿಲಮೇಘಗಳೇ ಅವುಗಳ ಜನ್ಮಸ್ಥಾನ. ಆ ಅನಿಲದಲ್ಲಿ ಬಹುಭಾಗ ಜಲಜನಕ. ಹಾಗಾದರೆ ಅನಿಲವೆಷ್ಟಿದ್ದರೆ ನಕ್ಷತ್ರಗಳೆಷ್ಟು? ಈ ಲೆಕ್ಕವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಅನಿಲದ ಸಾಂದ್ರತೆಗೂ ನಕ್ಷತ್ರಜನನದ ವೇಗಕ್ಕೂ ಒಂದು ನಿಯತವಾದ ಸಂಬಂಧವುಂಟೆಂದು 1959ರಲ್ಲಿ ಮಾರ್ಟೆನ್ ಷ್ಮಿಟ್ ಎಂಬ ಖಗೋಳಶಾಸ್ತ್ರಜ್ಞರು ಸೂಚಿಸಿದರು. 1998ರಲ್ಲಿ ರಾಬರ್ಟ್ ಕೆನಿಕಟ್ ಎಂಬವರು 61 ಸಾಧಾರಣ ಗ್ಯಾಲಕ್ಸಿಗಳನ್ನೂ, ನಕ್ಷತ್ರಗಳು ಭರದಿಂದ ಹುಟ್ಟುತ್ತಿರುವ 36 ಗ್ಯಾಲಕ್ಸಿಗಳನ್ನೂ ತೂಗಿನೋಡಿ ಆ ಸಂಬಂಧವನ್ನು ಸ್ಥಿರಪಡಿಸಿದರು. ಸಮನಾದ ವಿಸ್ತೀರ್ಣದಲ್ಲಿ ಅನಿಲವು ಇಮ್ಮಡಿಯಾದರೆ ಜನನವು ಸುಮಾರು 2.6 ಮಡಿಯಾಗುತ್ತದೆ, ಅನಿಲವು ಹತ್ತು ಮಡಿಯಾದರೆ ಜನನವು ಸುಮಾರು 25 ಮಡಿ!

ಹೀಗೇಕೆ? ಅನಿಲವನ್ನು ಒಟ್ಟುಗೂಡಿಸಿ ನಕ್ಷತ್ರವನ್ನಾಗಿಸುವುದು ಗುರುತ್ವಾಕರ್ಷಣೆ. ದಟ್ಟವಾದ ಮೇಘವು ತನ್ನ ಭಾರಕ್ಕೆ ತಾನೇ ಬೇಗನೆ ಕುಸಿಯುತ್ತದೆ; ವಿರಳವಾದುದು ನಿಧಾನವಾಗಿ. ಆದ್ದರಿಂದ ದಟ್ಟಣೆ ಹೆಚ್ಚಿದಲ್ಲಿ ಸಾಮಗ್ರಿಯೂ ಹೆಚ್ಚು, ಕೆಲಸದ ವೇಗವೂ ಹೆಚ್ಚು.

ಇದರಿಂದ ಒಂದು ವಿಪರೀತ ಪರಿಣಾಮವುಂಟು. ಗೃಹಸ್ಥರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಕಣಜ ತುಂಬಿದೆಯೆಂದು ಕೈ ಸಡಿಲಬಿಟ್ಟ ಮನೆಯಲ್ಲಿ ಧಾನ್ಯವು ಬೇಗನೆ ಬರಿದಾಗುವಂತೆ, ಅನಿಲವು ದಟ್ಟವಾಗಿರುವ ಗ್ಯಾಲಕ್ಸಿಯೇ ಮೊದಲು ತನ್ನ ಸಂಗ್ರಹವನ್ನು ಮುಗಿಸಿಕೊಳ್ಳುತ್ತದೆ. ಹೊರಗಿನಿಂದ ಹೊಸ ಅನಿಲವು ಬಂದು ಸೇರದಿದ್ದರೆ ಅಲ್ಲಿ ನಕ್ಷತ್ರಜನನವು ಕುಂದಲೇಬೇಕು.

ಈ ಮಾತಿಗೆ ನಮ್ಮ ದೇಶದಲ್ಲಿಯೇ ಬಲವಾದ ಸಾಕ್ಷ್ಯ ದೊರೆತಿದೆ. ಪುಣೆಯ ಬಳಿಯಿರುವ ದೈತ್ಯ ರೇಡಿಯೋ ದೂರದರ್ಶಕದಿಂದ, ಪುಣೆಯ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಏಳೂವರೆ ಸಾವಿರಕ್ಕೂ ಮಿಕ್ಕ ಗ್ಯಾಲಕ್ಸಿಗಳ ಕ್ಷೀಣವಾದ ಸಂಕೇತಗಳನ್ನು ಒಟ್ಟುಗೂಡಿಸಿ, 800 ಕೋಟಿ ವರ್ಷಗಳ ಹಿಂದೆ ಅವುಗಳಲ್ಲಿದ್ದ ಜಲಜನಕವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಅಂದಿನ ವೇಗದಲ್ಲಿ ಆ ಅನಿಲವು 100–200 ಕೋಟಿ ವರ್ಷಗಳಿಗಷ್ಟೇ ಸಾಲುತ್ತಿತ್ತು. ವಿಶ್ವದಲ್ಲಿ ನಕ್ಷತ್ರಜನನವು ಅಲ್ಲಿಂದೀಚೆಗೆ ಇಳಿಮುಖವಾದುದಕ್ಕೆ, ವೆಚ್ಚಕ್ಕೆ ತಕ್ಕ ಆದಾಯವಿಲ್ಲದುದೇ ಕಾರಣವೆಂದು ಅವರ ಅಭಿಪ್ರಾಯ.

ನಮ್ಮ ಆಕಾಶಗಂಗೆಯಾದರೋ ಈಗ ಮಿತವ್ಯಯಿ. ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ಅನಿಲವನ್ನು ಮಾತ್ರ ನಕ್ಷತ್ರಗಳಾಗಿ ಮಾರ್ಪಡಿಸುತ್ತದೆ. ಹೊರಗಿನಿಂದ ಅದಕ್ಕೆ ಅಷ್ಟಿಷ್ಟು ಅನಿಲವೂ ಬಂದು ಸೇರುತ್ತಿದೆ. ನಮ್ಮ ಸೂರ್ಯನೂ 460 ಕೋಟಿ ವರ್ಷಗಳ ಹಿಂದೆ ಇಂತಹುದೇ ಮೇಘದಿಂದ ಮೂಡಿದವನು. ಆಗಲೇ ಕಣಜ ಬರಿದಾಗಿದ್ದಿದ್ದರೆ, ಈ ಲೆಕ್ಕವನ್ನು ಬರೆಯಲು ನಾವೂ ಇರುತ್ತಿರಲಿಲ್ಲ, ಓದಲು ವಾಚಕರೂ ಇರುತ್ತಿರಲಿಲ್ಲ.