ಸಣ್ಣ ರಂಧ್ರ, ದೊಡ್ಡ ಹೊಣೆ

ಗಾಯ ಸಣ್ಣದಾದರೆ ಶಸ್ತ್ರಕ್ರಿಯೆಯೂ ಸಣ್ಣದೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಹೊಟ್ಟೆಗೆ ಮೂರು ನಾಲ್ಕು ರಂಧ್ರಗಳನ್ನು ಮಾಡಿ, ಕಲ್ಲು ಕಟ್ಟಿದ ಪಿತ್ತಕೋಶವನ್ನು ಹೊರತೆಗೆಯುವ ಕ್ರಮ ಇಂದು ಸರ್ವಸಾಮಾನ್ಯವಾಗಿದೆ. ಅದನ್ನು ನಡುವೆಯೇ ನಿಲ್ಲಿಸಿ ಹೊಟ್ಟೆಯನ್ನು ತೆರೆದರೆ, ‘ವೈದ್ಯರ ಕೈಯಲ್ಲಾಗಲಿಲ್ಲ’ ಎಂದು ಬಂಧುಗಳು ಗೊಣಗುವುದುಂಟು. ಈ ಗೊಣಗಾಟ ನ್ಯಾಯವೇ? ನಾವು ವೈದ್ಯರಲ್ಲ, ಭೌತಶಾಸ್ತ್ರದ ಅಧ್ಯಾಪಕರು. ಆದರೆ ಈ ಪ್ರಶ್ನೆಯ ತಿರುಳು ನೋಟಕ್ಕೆ ಸಂಬಂಧಿಸಿದುದರಿಂದ ಎರಡು ಮಾತು ಹೇಳಬಯಸುತ್ತೇವೆ.

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಹೊಟ್ಟೆಯನ್ನು ತೆರೆದು ಪಿತ್ತಕೋಶವನ್ನು ತೆಗೆದರು. 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ ಅದನ್ನು ಲ್ಯಾಪರೊಸ್ಕೋಪಿನ ಮೂಲಕ ಸಾಧಿಸಿದರು. ರೋಗಿಗೆ ನೋವು ಕಡಿಮೆಯಾಯಿತು. ವೈದ್ಯನ ಕಷ್ಟ ಮಾತ್ರ ಹೆಚ್ಚಿತು. ಇಂಗಾಲದ ಡೈಆಕ್ಸೈಡನ್ನು ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದಲ್ಲಿ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಉದ್ದನೆಯ ಉಪಕರಣಕ್ಕೆ ಹೊಟ್ಟೆಯ ಗೋಡೆಯೇ ಸನ್ನೆಕೋಲಿನ ಆಧಾರಬಿಂದು. ಕೈ ಎಡಕ್ಕೆ ಸರಿದರೆ ತುದಿ ಬಲಕ್ಕೆ ಸರಿಯುತ್ತದೆ. ಬೆರಳಿಗೆ ಸ್ಪರ್ಶವಿಲ್ಲ. ಸಾಮಾನ್ಯ ಕ್ಯಾಮೆರಾಕ್ಕೆ ಒಂದೇ ಕಣ್ಣಾದ್ದರಿಂದ ಪರದೆಯ ಚಿತ್ರದಲ್ಲಿ ಆಳವೂ ಇಲ್ಲ.

ಇಂತಹ ನೋಟಕ್ಕೆ ಕಲ್ಲು ಮತ್ತಷ್ಟು ತೊಡಕನ್ನು ತಂದೊಡ್ಡುತ್ತದೆ. ಪಿತ್ತಕೋಶದ ಕತ್ತಿನಲ್ಲಿ ಕಲ್ಲು ಸಿಕ್ಕಿಕೊಂಡಾಗ ಅಂಗ ಬಾತು, ಸುತ್ತಲಿನ ಭಾಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕತ್ತರಿಸಬೇಕಾದ ಸಣ್ಣ ನಾಳ ಮರೆಯಾಗಿ, ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ಮುಖ್ಯ ನಾಳವೇ ಅದರಂತೆ ಕಾಣಬಹುದು. ಅದನ್ನು ಕತ್ತರಿಸುವ ಅನಾಹುತ ಸಾವಿರದಲ್ಲಿ ಕೆಲವರಿಗೆ ಮಾತ್ರ ಒದಗುತ್ತದೆ, ನಿಜ. ಆದರೆ ಒದಗಿದವರು ಮತ್ತೆ ದೊಡ್ಡ ಶಸ್ತ್ರಕ್ರಿಯೆಗೆ ಒಳಗಾಗಬೇಕಾದೀತು.

ಇದು ಕೈಚಳಕದ ಕೊರತೆಯೇ? 2003ರಲ್ಲಿ ಅಮೆರಿಕದ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂತಹ 252 ಪ್ರಕರಣಗಳನ್ನು ಪರಿಶೀಲಿಸಿದರು. ಶೇಕಡಾ 97ರಲ್ಲಿ ಮೂಲಕಾರಣ ದೃಷ್ಟಿಭ್ರಮೆಯೆಂದು ಕಂಡುಬಂದಿತು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಬಗೆದವನ ಕಣ್ಣು ಕೆಟ್ಟಿರುವುದಿಲ್ಲ. ಹಾವೆಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಈ ಭ್ರಮೆಗೆ ಮದ್ದಾಗಿ ಸ್ಟೀವನ್ ಸ್ಟ್ರಾಸ್‌ಬರ್ಗರು 1995ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು: ಕೊಬ್ಬನ್ನು ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಎರಡೇ ಎರಡು ಕೊಳವೆಗಳು ಅದನ್ನು ಸೇರುವುದು ನಿಸ್ಸಂದೇಹವಾಗಿ ಕಾಣುವವರೆಗೆ ಏನನ್ನೂ ಕತ್ತರಿಸಬಾರದು.

ಕಾಣದಿದ್ದರೆ? ಪಿತ್ತಕೋಶದ ಒಂದು ಭಾಗವನ್ನು ಉಳಿಸಿಬಿಡಬಹುದು, ಹೆಚ್ಚು ಅನುಭವಿಗಳನ್ನು ಕರೆಯಬಹುದು, ಹೊಟ್ಟೆಯನ್ನು ತೆರೆಯಬಹುದು. ತೆರೆದ ಮಾತ್ರಕ್ಕೆ ಎಲ್ಲವೂ ಸುಗಮವಾಗದು. ಆದರೂ, ತನ್ನ ನೋಟವನ್ನು ತಾನೇ ಸಂದೇಹಿಸಿ ಕೈ ತಡೆದವನನ್ನು ಸೋತವನೆನ್ನುವುದು ತಪ್ಪೆಂದು ನಾವು ಹೇಳುತ್ತೇವೆ. ಪ್ರಯೋಗಶಾಲೆಯಲ್ಲಿ ಅಳತೆ ಹೊಂದದಿದ್ದಾಗ ಉತ್ತರವನ್ನು ಬರೆದುಬಿಡದೆ ಮತ್ತೊಮ್ಮೆ ಅಳೆಯುವ ವಿದ್ಯಾರ್ಥಿಯನ್ನು ನಾವು ಮೆಚ್ಚುತ್ತೇವಲ್ಲವೇ? ವೈದ್ಯರಾಗಲಿರುವ ತರುಣರು, ಹೊಟ್ಟೆಯನ್ನು ತೆರೆಯಬೇಕಾಗಿ ಬರಬಹುದೆಂಬ ಮಾತನ್ನು ಶಸ್ತ್ರಕ್ರಿಯೆಗೆ ಮೊದಲೇ ರೋಗಿಗೂ ಬಂಧುಗಳಿಗೂ ಬಿಡಿಸಿ ಹೇಳಲಿ; ಕೇಳುವ ನಾವೂ ಅದನ್ನು ಅಶುಭವೆಂದು ಬಗೆಯದಿರೋಣ.