ಪಟ್ಟಣಕ್ಕೆ ಬಸ್ಸಲ್ಲಿ ಬರುವವರೂ ಪ್ರವಾಸಿಗರೇ

ಶ್ರೀರಂಗಪಟ್ಟಣಕ್ಕೆ ಪ್ರವಾಸಿಗರನ್ನು ಸೆಳೆಯಬೇಕು ಎಂಬ ಮಾತು ಬಂದಾಗಲೆಲ್ಲ ಒಂದೇ ಪಟ್ಟಿ ಹೊರಗೆ ಬರುತ್ತದೆ. ದೊಡ್ಡ ಪ್ರತಿಮೆ ಬೇಕು, ಲೇಸರ್ ಶೋ ಬೇಕು, ರೆಸಾರ್ಟ್ ಬೇಕು, ಕಾರು ನಿಲ್ಲಿಸಲು ಜಾಗ ಬೇಕು. ಪಕ್ಕದ ಕೆಆರ್‌ಎಸ್‌ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಮಾಡುತ್ತೇವೆ ಎಂಬ ಮಾತನ್ನಂತೂ ವರ್ಷಗಳಿಂದ ಕೇಳುತ್ತಿದ್ದೇವೆ.

ಈ ಪಟ್ಟಿಯಲ್ಲಿ ಒಬ್ಬರು ಕಾಣುವುದೇ ಇಲ್ಲ. ಹೆಗಲಿಗೆ ಬ್ಯಾಗು, ಕೈಯಲ್ಲಿ ಮಗು, ಬುತ್ತಿಯಲ್ಲಿ ಚಿತ್ರಾನ್ನ ಹಿಡಿದು ಸರ್ಕಾರಿ ಬಸ್ಸಿಂದ ಇಳಿಯುವವರು. ಅಂದರೆ ನಾವು.

ನನ್ನ ಮಾತು ಇಷ್ಟೇ. ಈ ಊರಿಗೆ ಹೊಸದೇನನ್ನೂ ತಂದು ಕೂರಿಸಬೇಕಾಗಿಲ್ಲ. ಇಲ್ಲಿ ಇರುವುದನ್ನು ಬಸ್ಸಿಳಿದು ನಡೆದು ನೋಡುವವರಿಗೆ ಅನುಕೂಲ ಮಾಡಿಕೊಟ್ಟರೆ ಸಾಕು. ಕಾರಿನವರಿಗೂ ಅದರಿಂದ ಒಳ್ಳೆಯದೇ ಆಗುತ್ತದೆ.

2023ರಲ್ಲಿ ಆದ ಎರಡು ಬದಲಾವಣೆ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಶ್ರೀರಂಗಪಟ್ಟಣಕ್ಕೂ ಬೈಪಾಸ್ ಬಂತು. ಮೊದಲು ಮೈಸೂರಿಗೆ ಹೋಗುವ ಕಾರು ಊರೊಳಗೇ ಹಾಯಬೇಕಿತ್ತು. ಕಾಫಿಗೆ ನಿಂತವರು ಹಾಗೇ ದೇವಸ್ಥಾನಕ್ಕೊಂದು ಕೈಮುಗಿದು ಹೋಗುತ್ತಿದ್ದರು. ಈಗ ಬಹಳಷ್ಟು ಕಾರುಗಳು ಬೈಪಾಸ್‌ನಲ್ಲೇ ಹೊರಟುಹೋಗುತ್ತವೆ. ಅದೇ ವರ್ಷ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಅವುಗಳಿಗೆ ಸರ್ವಿಸ್ ರಸ್ತೆಯೇ ಗತಿ.

ಇದರ ನಡುವೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತವರಿಗೆ ಹೋಗಬೇಕೆಂದರೂ ಗಂಡನ ಜೇಬು ನೋಡಬೇಕಿದ್ದವರು ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ದೇವಸ್ಥಾನ, ನದಿ, ಅರಮನೆ ಅಂತ ಹೊರಟರು. ಇದನ್ನು ಗೇಲಿ ಮಾಡಿದವರೂ ಇದ್ದಾರೆ. ನನಗೆ ಮಾತ್ರ ಇದು ನಮ್ಮ ಕಡೆಯ ಪ್ರವಾಸೋದ್ಯಮದಲ್ಲಿ ಇತ್ತೀಚೆಗೆ ಆದ ದೊಡ್ಡ ಬದಲಾವಣೆ ಅನ್ನಿಸುತ್ತದೆ.

ಕಾರು ಊರಿನ ಹೊರಗೆ ಹೋಯಿತು, ಬಸ್ಸು ಊರೊಳಗೆ ಬರುತ್ತಿದೆ. ಯೋಜನೆ ಹಾಕುವವರ ಕಣ್ಣು ಮಾತ್ರ ಇನ್ನೂ ಕಾರಿನ ಹಿಂದೆಯೇ ಇದೆ.

ನೋಡಲು ಏನಿದೆ? ಒಂದು ದಿನ ಸಾಲದು

ಕಾವೇರಿ ಇಲ್ಲಿ ಎರಡು ಕವಲಾಗಿ ಊರನ್ನು ಸುತ್ತುವರಿದು ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಇರುವ ದ್ವೀಪವೇ ಪಟ್ಟಣ. ಈ ತುದಿಯಿಂದ ಆ ತುದಿಗೆ ಸುಮಾರು ಐದು ಕಿಲೋಮೀಟರ್. ನೋಡಬೇಕಾದ್ದು ಬಹುಪಾಲು ಇಷ್ಟರೊಳಗೇ ಇದೆ.

ಮೊದಲು ರಂಗನಾಥಸ್ವಾಮಿ ದೇವಸ್ಥಾನ. ಕ್ರಿ.ಶ. 894ರಲ್ಲಿ ಗಂಗರ ಕಾಲದಲ್ಲಿ ಕಟ್ಟಿದ್ದು ಎನ್ನುತ್ತದೆ ಇತಿಹಾಸ. ಕಾವೇರಿ ದಂಡೆಯ ಮೂರು ರಂಗರಲ್ಲಿ ಇವನು ಆದಿರಂಗ. ಶಿವನಸಮುದ್ರದಲ್ಲಿ ಮಲಗಿದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ನೀರಿನ ನಡುವಿನ ನೆಲದಲ್ಲೇ ಇದ್ದಾರೆ.

ಕೋಟೆಯೊಳಗೆ ನಡೆದುಕೊಂಡೇ ಹೋಗಬಹುದು. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗಕ್ಕೆ ಗುರುತಿನ ಕಲ್ಲಿದೆ. ಆ ಕಡೆ ಬೈಲಿ ಸೆರೆಮನೆ. ಈ ಕಡೆ ಎರಡು ಎತ್ತರದ ಮಿನಾರಿನ ಮಸೀದಿ. ರೈಲು ನಿಲ್ದಾಣದ ಹತ್ತಿರ ಟಿಪ್ಪು ಕಾಲದ ಶಸ್ತ್ರಾಗಾರ. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಆ ಇಡೀ ಕಟ್ಟಡವನ್ನು, ಒಂದು ಇಟ್ಟಿಗೆ ಕೀಳದೆ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಕೋಟೆಯಿಂದ ಹೊರಗೆ ಗಂಜಾಂ ದಾರಿಯಲ್ಲಿ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಮರದ ಬೇಸಿಗೆ ಅರಮನೆ. ಗೋಡೆ ತುಂಬ ಚಿತ್ರ. ಅದರಲ್ಲಿ ದೊಡ್ಡದು 1780ರ ಪೊಳ್ಳಿಲೂರು ಯುದ್ಧದ್ದು. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಕರ್ನಲ್‌ನನ್ನು ಅದರಲ್ಲಿ ಹುಡುಕಿ. ಅವನೇ ಬೈಲಿ. ಸೋತು ಸೆರೆಯಾಗಿ, ಇದೇ ಪಟ್ಟಣದಲ್ಲಿ 1782ರಲ್ಲಿ ಸತ್ತವನು. ಕೋಟೆಯ ಸೆರೆಮನೆಗೆ ಅವನದೇ ಹೆಸರು. ಗೋಡೆಯ ಚಿತ್ರಕ್ಕೂ ಸೆರೆಮನೆಗೂ ಹೀಗೆ ನಂಟಿದೆ ಎಂದು ಹೇಳುವವರಿದ್ದರೆ ಶಾಲೆಯ ಮಕ್ಕಳು ಎರಡನ್ನೂ ಮರೆಯುವುದಿಲ್ಲ. ಹೇಳುವವರಿಲ್ಲದಿದ್ದರೆ ಅದೊಂದು ಹಳೇ ಗೋಡೆ, ಇದೊಂದು ಕತ್ತಲ ಮಂಟಪ. ಸೆಲ್ಫಿ ತೆಗೆದು ಬಸ್ಸು ಹತ್ತುತ್ತಾರೆ.

ಮುಂದೆ ಗಂಜಾಂ. ಅಲ್ಲಿ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರ ಸಮಾಧಿ ಇರುವ ಗುಂಬಜ್. ಸುತ್ತ ಕರಿಕಲ್ಲಿನ ನುಣುಪು ಕಂಬಗಳು. ನದಿ ದಂಡೆಯಲ್ಲಿ ನಿಮಿಷಾಂಬ ದೇವಸ್ಥಾನ. ಊರಿನಲ್ಲಿ ಅಬ್ಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿನ ಚರ್ಚ್ ಇದೆ. ಇನ್ನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದ ಮನುಷ್ಯ ಅವರು. ದೇವಸ್ಥಾನ, ಮಸೀದಿ, ಗುಂಬಜ್, ಚರ್ಚ್ ಎಲ್ಲ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ಟಿಪ್ಪು ಹೆಸರೆತ್ತಿದರೆ ಮೊಬೈಲಲ್ಲಿ ಜಗಳ ಆಡುವವರು ಒಮ್ಮೆ ಈ ದಾರಿ ನಡೆಯಲಿ. ಅಭಿಪ್ರಾಯ ಬದಲಾಗದಿದ್ದರೂ ಪರವಾಗಿಲ್ಲ, ಊರನ್ನಾದರೂ ನೋಡಿದಂತಾಗುತ್ತದೆ.

ನನ್ನ ಮೆಚ್ಚಿನದು ವೆಲ್ಲೆಸ್ಲಿ ಸೇತುವೆ. ಉತ್ತರದ ಕವಲಿಗೆ ಅಡ್ಡಲಾಗಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದದ್ದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಕಲ್ಲು ಚಪ್ಪಡಿ. ಎಷ್ಟು ಪ್ರವಾಹ ನೋಡಿತೋ ಏನೋ, ಇನ್ನೂ ನಿಂತಿದೆ. ಸಂಜೆ ಹೊತ್ತು ಆ ಕಡೆಯಿಂದ ನದಿ ನೋಡಲು ಯಾವ ಟಿಕೆಟ್ಟೂ ಬೇಡ.

ಮೈಸೂರು ದಿಕ್ಕಿಗೆ ಹೊರಳಿದರೆ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರು ಮನವರಿಕೆ ಮಾಡಿಕೊಟ್ಟ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಚಳಿಗಾಲ ಮುಗಿಯುವ ಹೊತ್ತಿಗೆ ಮರದ ತುಂಬ ಗೂಡು, ಬಂಡೆಯ ಮೇಲೆ ಮೊಸಳೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಹಾಗಾಗಿ ಆಗ ವಿಚಾರಿಸಿಕೊಂಡು ಹೋಗಿ.

ಇನ್ನು ದಸರಾ. 1610ರಲ್ಲಿ ರಾಜ ಒಡೆಯರು ಮೊದಲು ನವರಾತ್ರಿ ಉತ್ಸವ ಮಾಡಿದ್ದು ಈ ಪಟ್ಟಣದಲ್ಲಿ. ರಾಜಧಾನಿ ಮೈಸೂರಿಗೆ ಹೋದ ಮೇಲೆ ಹಬ್ಬವೂ ಹೋಯಿತು. ಈಗ ಮತ್ತೆ ಕಿರಂಗೂರಿನ ಬನ್ನಿಮಂಟಪದಿಂದ ಇಲ್ಲಿ ದಸರಾ ಮೆರವಣಿಗೆ ಹೊರಡುತ್ತದೆ. ಮೈಸೂರಿನ ನೂಕುನುಗ್ಗಲಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ಒದ್ದಾಡುವುದಕ್ಕಿಂತ ಇಲ್ಲಿ ಹತ್ತಿರದಿಂದ ನೋಡಬಹುದು.

ಹೇಳಿ, ಇಷ್ಟೆಲ್ಲ ಇರುವ ಊರಿಗೆ ಪ್ರತಿಮೆ ಯಾಕೆ ಬೇಕು?

ನದಿಯ ಎರಡು ಸಂಕಟ

ಬಂದವರೆಲ್ಲ ಕೊನೆಗೆ ಹೋಗುವುದು ನೀರಿಗೇ. ಸಂಗಮಕ್ಕೆ, ಪಶ್ಚಿಮವಾಹಿನಿಗೆ, ಸ್ವಲ್ಪ ದೂರದ ಬಲಮುರಿಗೆ. ಮಾತು ಕಹಿಯಾಗುವುದೂ ಇಲ್ಲೇ.

ಜಿಲ್ಲೆಯಲ್ಲಿ ಸುದ್ದಿ ಬರೆಯುವ ನಮ್ಮಂಥವರಿಗೆ ಒಂದು ತಲೆಬರಹ ಬಾಯಿಪಾಠ: ‘ಈಜಲು ಹೋದ ಯುವಕರು ನೀರುಪಾಲು’. ಹೆಸರು, ವಯಸ್ಸು, ಊರು ಬದಲಾಯಿಸಿದರೆ ಸುದ್ದಿ ತಯಾರು. ಎರಡು ಪ್ಯಾರಾ, ಒಂದು ಪಾಸ್‌ಪೋರ್ಟ್ ಫೋಟೊ. ಕಾವೇರಿ ಮೇಲಿಂದ ನೋಡಲು ಸಾಧು. ಒಳಗೆ ಬಂಡೆ, ಬಂಡೆಯ ಪಕ್ಕದಲ್ಲೇ ಮಡು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮೊಣಕಾಲುದ್ದ ಇದ್ದದ್ದು ಎದೆಯುದ್ದ ಆಗಲು ಬಹಳ ಹೊತ್ತು ಬೇಡ. ‘ಅಪಾಯ, ಇಳಿಯಬೇಡಿ’ ಎಂಬ ಬೋರ್ಡು ಹಾಕಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಪುಣ್ಯಸ್ನಾನಕ್ಕೆಂದು ಬಂದವರು ಬೋರ್ಡು ನೋಡಿ ವಾಪಸು ಹೋಗುವುದಿಲ್ಲ. ಎಲ್ಲಿ ಇಳಿಯಬಾರದು ಎಂಬುದರ ಜೊತೆ ಎಲ್ಲಿ ಇಳಿಯಬಹುದು ಎಂದು ತೋರಿಸಬೇಕು. ಅಲ್ಲಿ ಸರಪಳಿ ಕಟ್ಟಬೇಕು, ಹಗ್ಗ ಮತ್ತು ಟ್ಯೂಬ್ ಇಡಬೇಕು, ಈಜು ಬಲ್ಲ ಒಬ್ಬರನ್ನು ಸಂಬಳ ಕೊಟ್ಟು ಕೂರಿಸಬೇಕು. ಅಂಥವರಿಗಾಗಿ ದೂರ ಹುಡುಕಬೇಕಿಲ್ಲ. ಹೆಣ ತೆಗೆಯಲು ತೆಪ್ಪದವರನ್ನೂ ಮೀನು ಹಿಡಿಯುವವರನ್ನೂ ಕರೆಯುತ್ತೇವಲ್ಲ, ಜೀವ ಉಳಿಸಲು ಅವರನ್ನೇ ಮೊದಲೇ ಕರೆದರಾಗದೆ?

ಎರಡನೆಯ ಸಂಕಟ ನಾವೇ ತರುವುದು. ಅಸ್ಥಿ ಬಿಡಲು ನಾಡಿನ ಎಲ್ಲ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಬಿಟ್ಟದ್ದೂ ಪಶ್ಚಿಮವಾಹಿನಿಯಲ್ಲೇ. ಸತ್ತವರನ್ನು ಹೊಳೆಗೆ ಒಪ್ಪಿಸುವುದು ನಮ್ಮ ಸಂಪ್ರದಾಯ, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಸೀರೆ, ಪಂಚೆ, ಹಾಸಿಗೆ, ಪ್ಲಾಸ್ಟಿಕ್ ಕವರು, ದೇವರ ಫೋಟೊದ ಗಾಜು ಯಾವ ಸಂಪ್ರದಾಯದ್ದು? ಬಿಟ್ಟ ಬಟ್ಟೆ ಕಲ್ಲಿಗೆ ಸುತ್ತಿಕೊಂಡು ಕೊಳೆಯುತ್ತದೆ, ಮುಂದೆ ಇಳಿದವರ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದೇ ನೀರು ಕೆಳಗಿನ ಊರುಗಳ ನಲ್ಲಿಗೆ ಬರುತ್ತದೆ. ಬಟ್ಟೆ ಹಾಕಲು ದಂಡೆಯ ಮೇಲೊಂದು ಜಾಗ ಮಾಡಿ ದಿನಾ ತೆಗೆಯಬೇಕು. ಕರ್ಮ ಮಾಡಿಸುವವರು ‘ಬಟ್ಟೆ ನೀರಿಗೆ ಬೇಡ’ ಎಂದು ಒಂದು ಮಾತು ಹೇಳಬೇಕು. ಅವರು ಹೇಳಿದರೆ ಜನ ಕೇಳುತ್ತಾರೆ.

ಹಾಗಾದರೆ ಏನು ಬೇಕು?

ಕೋಟಿಗಟ್ಟಲೆ ಬೇಡ. ನನ್ನ ಪಟ್ಟಿ ಸಣ್ಣದು.

ಒಂದು, ಸುತ್ತು ಬಸ್ಸು. ಬಸ್ ನಿಲ್ದಾಣ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ, ಮತ್ತೆ ನಿಲ್ದಾಣ. ಇನ್ನೊಂದು ರಂಗನತಿಟ್ಟಿಗೆ. ಅರ್ಧ ಗಂಟೆಗೊಂದು ಬಂದರೂ ಸಾಕು. ಮೈಸೂರಿನಿಂದ ಪಟ್ಟಣದವರೆಗೆ ಪುಕ್ಕಟೆ ಬಂದವರು ಅಲ್ಲಿಂದ ಸಂಗಮಕ್ಕೆ ಆಟೊದವರ ಹತ್ತಿರ ಚೌಕಾಸಿ ಮಾಡಿ ಸೋತು, ದೇವಸ್ಥಾನ ಒಂದನ್ನೇ ನೋಡಿ ವಾಪಸಾಗಬಾರದು. ಆಟೊದವರಿಗೂ ಅನ್ಯಾಯ ಆಗದಂತೆ ದರದ ಬೋರ್ಡು ಇರಲಿ.

ಎರಡು, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ. ಕಟ್ಟಡ ಇದ್ದರಾಗದು. ಬೀಗ ತೆಗೆದಿದೆಯಾ, ನೀರು ಬರುತ್ತಾ, ಒಳಗೆ ಚಿಲಕ ಇದೆಯಾ, ಹೆಣ್ಣುಮಕ್ಕಳು ಕೇಳುವುದು ಇದನ್ನು. ಇದಕ್ಕೆ ಉತ್ತರ ಗೊತ್ತಿಲ್ಲದೆ ಎಷ್ಟೋ ಅಮ್ಮಂದಿರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಅವರಿಗೆ ಅರಮನೆಯ ಚಿತ್ರ ಹೇಗೆ ರುಚಿಸಬೇಕು?

ಮೂರು, ನೆರಳು ಮತ್ತು ಕುಡಿಯುವ ನೀರು. ಬುತ್ತಿ ಬಿಚ್ಚಿ ಉಣ್ಣಲು ಹೊಂಗೆ ಮರದ ಕೆಳಗೆ ನಾಲ್ಕು ಕಲ್ಲುಬೆಂಚು. ಬ್ಯಾಗು ಇಡಲು ಒಂದು ಕೋಣೆ.

ನಾಲ್ಕು, ಕಥೆ ಹೇಳುವವರು. ಊರಿನಲ್ಲೇ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಿ. ಕನ್ನಡದಲ್ಲಿ ಹೇಳಲಿ. ಫಲಕಗಳೂ ಓದುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಇರಲಿ.

‘ಇವರಿಂದ ಊರಿಗೆ ಏನು ಲಾಭ?’

ಇದಕ್ಕೆ ಬರುವ ವಾದ ಗೊತ್ತು. ಬಸ್ಸಲ್ಲಿ ಬರುವವರು ಬುತ್ತಿ ತರುತ್ತಾರೆ, ದುಡ್ಡು ಬಿಚ್ಚುವುದಿಲ್ಲ, ಕಾರಿನವರಾದರೆ ಹೋಟೆಲಿಗೆ ಹೋಗುತ್ತಾರೆ ಎನ್ನುತ್ತಾರೆ.

ಅರ್ಧ ನಿಜ. ಕಾರಿನವರು ಒಂದೇ ಹೋಟೆಲಿನಲ್ಲಿ ಒಂದೇ ಸಲ ಹೆಚ್ಚು ಕೊಡುತ್ತಾರೆ. ಬಸ್ಸಿನವರು ಹೂವಿನವಳಿಗೆ, ಕಡಲೆಕಾಯಿಯವನಿಗೆ, ಸೌತೆಕಾಯಿಗೆ ಉಪ್ಪು ಖಾರ ಸವರಿ ಕೊಡುವ ಅಜ್ಜಿಗೆ, ಬಳೆ ಅಂಗಡಿಗೆ, ಕಬ್ಬಿನ ಹಾಲಿನ ಗಾಡಿಗೆ, ಟೀ ಅಂಗಡಿಗೆ ಹತ್ತಿಪ್ಪತ್ತು ರೂಪಾಯಿಯಂತೆ ಕೊಡುತ್ತಾರೆ. ಆ ದುಡ್ಡು ಸಂಜೆಗೆ ಊರಿನ ಹತ್ತು ಮನೆ ಸೇರುತ್ತದೆ. ಎರಡು ಗಂಟೆ ಇರುವವರು ಒಂದು ಸಲ ಟೀ ಕುಡಿಯುತ್ತಾರೆ, ದಿನವಿಡೀ ಇರುವವರು ಮೂರು ಸಲ. ಬೈಪಾಸ್‌ನಿಂದ ವ್ಯಾಪಾರ ಬಿದ್ದುಹೋಯಿತು ಎಂದು ಕೊರಗುವ ಅಂಗಡಿಯವರು ಈ ಲೆಕ್ಕ ಹಾಕಿ ನೋಡಲಿ.

ಲಾಭ ಬಿಡಿ, ಹಕ್ಕಿನ ಮಾತೂ ಇದೆ. ದರಿಯಾ ದೌಲತ್‌ನ ಚಿತ್ರ ನೋಡುವ ಆಸೆ, ದೋಣಿಯಲ್ಲಿ ಕೂತು ಕೊಕ್ಕರೆ ನೋಡುವ ಆಸೆ ಕೂಲಿ ಮಾಡುವ ಹೆಂಗಸಿಗೂ ಇರುತ್ತದೆ. ಅವಳು ದೇವರಿಗೆ ಕೈಮುಗಿಯಲು ಮಾತ್ರ ಊರು ಬಿಡಬೇಕು, ಸುಮ್ಮನೆ ಖುಷಿಗೆ ತಿರುಗಬಾರದು ಎಂದು ಎಲ್ಲಿ ಬರೆದಿದೆ?

ಹಾಗಾಗಿ ಹೋಗಿ ಬನ್ನಿ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರುವ ಮೊದಲು ಕೋಟೆ ನಡೆದು ಮುಗಿಸಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಪುರಾತತ್ವ ಇಲಾಖೆ ಟಿಕೆಟ್ ಇಟ್ಟಿರುವ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆಧಾರ್ ಮರೆಯಬೇಡಿ. ನೀರಿನಲ್ಲಿ ಊರವರು ತೋರಿಸಿದ ಜಾಗ ಬಿಟ್ಟು ಬೇರೆಡೆ ಇಳಿಯಬೇಡಿ. ತಂದ ಕವರನ್ನು ವಾಪಸು ತನ್ನಿ.

ಶೌಚಾಲಯಕ್ಕೆ ಬೀಗ ಹಾಕಿದ್ದರೆ ಸುಮ್ಮನೆ ಬರಬೇಡಿ. ಫೋಟೊ ತೆಗೆದು, ತಾರೀಕು ಹಾಕಿ, ಪುರಸಭೆಗೊಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಬನ್ನಿ. ಒಬ್ಬರು ಕೊಟ್ಟರೆ ಕಡತದೊಳಗೆ ಹೋಗುತ್ತದೆ. ಬಸ್ಸಿಳಿದವರೆಲ್ಲ ಕೊಟ್ಟರೆ ಬೀಗ ತೆಗೆಯಲೇಬೇಕಾಗುತ್ತದೆ.